ಬಿಲ್ಲಿನಲ್ಲಿ ಹೆಸರಿನ ಎಡಕ್ಕೆ 'ಇ', ಬಲಕ್ಕೆ 'ಎಫ್' ಬರುತ್ತಿದೆ, ಪ್ರಿಂಟರ್ ಕೆಟ್ಟಿದೆಯಾ?

ಮೂಡಿಗೆರೆ_ಮಂಡಿ | ಸೋಮವಾರ ರಾತ್ರಿ 8:10

ನಮಸ್ಕಾರ. ಮೂಡಿಗೆರೆ ಹತ್ತಿರ ನಮ್ಮದು ಸಣ್ಣ ಕಾಫಿ, ಮೆಣಸಿನ ಮಂಡಿ. ಬಿಲ್ ಹೊಡೆಯಲು ಹದಿನೈದು ವರ್ಷದಿಂದ ಒಂದೇ ಒಂಬತ್ತು ಪಿನ್ನಿನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ವಿಂಡೋಸ್‌ಗೆ ಮುಂಚಿನ ಕಾಲದ ಒಂದೇ ಹಳೆಯ ಡಾಸ್ ಪ್ರೋಗ್ರಾಂ. ಮಳೆಗೆ ಮುಂಚೆ ಬಡಿದ ಒಂದು ಸಿಡಿಲಿಗೆ ಕಂಪ್ಯೂಟರ್ ಹೋಯಿತು. ಪ್ರಿಂಟರ್ ಹೇಗೋ ಉಳಿಯಿತು. ಹೊಸ ಕಂಪ್ಯೂಟರ್ ಹಿಂದೆ ಆ 25 ಪಿನ್ನಿನ ಅಗಲದ ಪೋರ್ಟೇ ಇಲ್ಲ. ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಹೋಗುವ ಕೇಬಲ್ ತಂದೆವು. ಅಕ್ಕನ ಮಗ ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ದಸರಾ ರಜೆಗೆ ಬಂದವನು ಒಂದು ಮಧ್ಯಾಹ್ನ ಕೂತು ಎಲ್ಲ ಸೆಟ್ ಮಾಡಿ ಹೋದ.

ಈಗ ಕೊಯ್ಲು ಶುರುವಾಗಿದೆ. ಸಂಜೆಯಾದರೆ ಅಂಗಡಿ ಮುಂದೆ ಪಿಕಪ್ ಸಾಲು. ಬಿಲ್ ಬರುತ್ತೆ, ಆದರೆ ಬೆಳೆಗಾರರ ಹೆಸರಿನ ಎಡಕ್ಕೆ ಒಂದು ಸಣ್ಣ ಚೌಕ ಮತ್ತು ಇಂಗ್ಲಿಷಿನ 'ಇ', ಬಲಕ್ಕೆ ಮತ್ತೆ ಚೌಕ ಮತ್ತು 'ಎಫ್'. ಮೊದಲು ಹೆಸರು ದಪ್ಪಗೆ ಬರುತ್ತಿತ್ತು, ಈಗ ಸಾದಾ. ಕೊನೆಯ ಎರಡು ಕಾಲಂ ಕೆಳಗಿನ ಸಾಲಿಗೆ ಜಾರುತ್ತವೆ. ಒಂದು ಬಿಲ್ಲಿಗೆ ಎರಡು ಹಾಳೆ ಹೋಗುತ್ತೆ. ಎಲ್ಲಕ್ಕಿಂತ ಹೆಚ್ಚಾಗಿ, ಮೊದಲು ಚರ್ರ್ ಚರ್ರ್ ಅಂತ ಎಂಟು ಹತ್ತು ಸೆಕೆಂಡಿನಲ್ಲಿ ಬರುತ್ತಿದ್ದ ಬಿಲ್ ಈಗ ಒಂದು ನಿಮಿಷ ತಗೊಳ್ಳುತ್ತೆ. ಒಂದೊಂದು ಸಾಲಿಗೂ ಹೆಡ್ ಎರಡೆರಡು ಸಲ ಓಡಾಡುತ್ತೆ.

ರಿಪೇರಿಯವರೊಬ್ಬರು ನೋಡಿ ಹೆಡ್ ಹೋಗಿದೆ, ಬದಲಾಯಿಸಬೇಕು ಅಂದರು. ಹಾಕಿಸಲಾ?

ಸಕಲೇಶಪುರ_ಘಾಟಿ | ಸೋಮವಾರ ರಾತ್ರಿ 8:32

ಹದಿನೈದು ವರ್ಷದ ಪ್ರಿಂಟರ್‌ಗೆ ಹೆಡ್ ಹಾಕಿಸ್ತೀರಾ ಮಾರಾಯ್ರೆ? ಸುಮ್ನೆ ಒಂದು ಇಂಕ್ ಟ್ಯಾಂಕ್ ತಗೊಳ್ಳಿ. ಮೊಬೈಲಿನಿಂದಲೂ ಪ್ರಿಂಟ್ ಕೊಡಬಹುದು.

ಮೂಡಿಗೆರೆ_ಮಂಡಿ | ಸೋಮವಾರ ರಾತ್ರಿ 8:40

ನಮಗೆ ಮೂರು ಪದರದ ಬಿಲ್ ಬೇಕು. ಬಿಳಿ ಬೆಳೆಗಾರರಿಗೆ, ಗುಲಾಬಿ ಲೆಕ್ಕಕ್ಕೆ, ಹಳದಿ ಗೋಡೌನಿಗೆ. ಇಂಕ್ ಹಾಕುವ ಪ್ರಿಂಟರ್ ಮೇಲಿನ ಹಾಳೆ ಮಾತ್ರ ಒದ್ದೆ ಮಾಡುತ್ತೆ ಅಲ್ವಾ, ಕೆಳಗಿನ ಎರಡಕ್ಕೆ ಬಡಿತ ಬೇಕು.

ರಿಬ್ಬನ್_ರಿಪೇರಿ | ಸೋಮವಾರ ರಾತ್ರಿ 9:15

ಹೆಡ್ ಹಾಕಿಸಬೇಡಿ. ಇರಿ, ಎರಡು ಪ್ರಶ್ನೆ.

ಒಂದು, ಪ್ರಿಂಟರ್ ಆಫ್ ಮಾಡಿ, ಕೇಬಲ್ ಕಿತ್ತು, ಮುಂದಿನ ಬಟನ್‌ಗಳಲ್ಲಿ ಒಂದನ್ನು ಒತ್ತಿ ಹಿಡಿದು ಆನ್ ಮಾಡಿ. ಯಾವ ಬಟನ್ ಅಂತ ಮಾಡೆಲ್ ಪುಸ್ತಕದಲ್ಲಿ ಇರುತ್ತೆ. ಅದು ಸೆಲ್ಫ್ ಟೆಸ್ಟ್. ಕಂಪ್ಯೂಟರ್ ಇಲ್ಲದೆ ಪ್ರಿಂಟರ್ ತನ್ನಷ್ಟಕ್ಕೆ ಅಕ್ಷರ ಹೊಡೆಯುತ್ತೆ. ಆಗ ವೇಗ ಹೇಗಿದೆ ನೋಡಿ.

ಎರಡು, ಈಗ ಬರುತ್ತಿರುವ ಬಿಲ್ಲಿನ ನೆತ್ತಿಯಲ್ಲಿ ಒಂದು ಫೈಲಿನ ಹೆಸರು, ಬುಡದಲ್ಲಿ 'ಪೇಜ್ 1' ಅಂತ ಬರುತ್ತಾ?

ಮೂಡಿಗೆರೆ_ಮಂಡಿ | ಮಂಗಳವಾರ ಬೆಳಿಗ್ಗೆ 7:05

ಸೆಲ್ಫ್ ಟೆಸ್ಟ್ ಮಾಡಿದೆ. ಹಳೆಯ ಸದ್ದು, ಹಳೆಯ ವೇಗ. ಕೇಳಿ ಖುಷಿ ಆಯಿತು. ಅಕ್ಷರದಲ್ಲಿ ಒಂದು ಚುಕ್ಕೆಯೂ ಬಿಟ್ಟಿಲ್ಲ.

ಫೈಲಿನ ಹೆಸರು ಹೌದು, ಬರುತ್ತೆ! ಬುಡದಲ್ಲಿ 'ಪೇಜ್ 1' ಕೂಡ. ಅದು ಮೊದಲು ಇರಲಿಲ್ಲ. ನಿಮಗೆ ಹೇಗೆ ಗೊತ್ತಾಯಿತು?

ರಿಬ್ಬನ್_ರಿಪೇರಿ | ಮಂಗಳವಾರ ಬೆಳಿಗ್ಗೆ 9:50

ಅದು ನೋಟ್‌ಪ್ಯಾಡ್‌ನ ರುಜು. ನೋಟ್‌ಪ್ಯಾಡ್‌ನಿಂದ ಪ್ರಿಂಟ್ ಕೊಟ್ಟರೆ ಏನೂ ಹೇಳದೆ ಇದ್ದರೂ ಮೇಲೆ ಫೈಲಿನ ಹೆಸರು, ಕೆಳಗೆ ಪೇಜ್ ನಂಬರ್ ಹಾಕುತ್ತೆ. ಅಂದರೆ ನಿಮ್ಮ ಅಳಿಯ ಡಾಸ್ ಪ್ರೋಗ್ರಾಂ ಕೊಡುವ ಬಿಲ್ಲನ್ನು ಒಂದು ಫೈಲಿಗೆ ಬರೆಸಿ, ಅದನ್ನು ನೋಟ್‌ಪ್ಯಾಡ್ ಮೂಲಕ ಪ್ರಿಂಟರ್‌ಗೆ ಕಳಿಸುವ ಹಾಗೆ ಮಾಡಿದ್ದಾನೆ. ಹುಡುಗ ಬುದ್ಧಿವಂತನೇ. ಆದರೆ ನಡುವೆ ಒಬ್ಬ ದಲ್ಲಾಳಿ ಬಂದು ಕೂತ.

ಸ್ವಲ್ಪ ಉದ್ದ ಬರೆಯುತ್ತೇನೆ, ಕಾಫಿ ಕುಡಿಯುತ್ತಾ ಓದಿ.

ನಿಮ್ಮ ಹಳೆಯ ಸೆಟಪ್‌ನಲ್ಲಿ ನಡುವೆ ಯಾರೂ ಇರಲಿಲ್ಲ. ಡಾಸ್ ಪ್ರೋಗ್ರಾಂ ಎಲ್‌ಪಿಟಿ1 ಅನ್ನುವ ಪೋರ್ಟಿಗೆ ನೇರವಾಗಿ ಬೈಟ್‌ಗಳನ್ನು ಸುರಿಯುತ್ತಿತ್ತು. ಆ ಪೋರ್ಟಿನ ನಡವಳಿಕೆ 1970ರ ಸೆಂಟ್ರಾನಿಕ್ಸ್ ಕಂಪನಿಯ ಪ್ರಿಂಟರ್‌ನಿಂದ ಬಂದದ್ದು. 1981ರ ಐಬಿಎಂ ಪಿಸಿ ಅದನ್ನೇ ಹಿಡಿದುಕೊಂಡಿತು. ಕೆಲಸ ಬಹಳ ಸರಳ. ಎಂಟು ತಂತಿ ಸೇರಿ ಒಂದು ಬೈಟ್, ಅಂದರೆ ಒಂದು ಅಕ್ಷರ. ಕಂಪ್ಯೂಟರ್ ಎಂಟು ತಂತಿಯ ಮೇಲೆ ಅಕ್ಷರ ಇಟ್ಟು, ಸ್ಟ್ರೋಬ್ ಅನ್ನುವ ಒಂಬತ್ತನೇ ತಂತಿಯನ್ನು ಒಮ್ಮೆ ತಟ್ಟುತ್ತೆ. 'ತಗೋ' ಅಂದ ಹಾಗೆ. ಪ್ರಿಂಟರ್ ಅದನ್ನು ಎತ್ತಿಕೊಳ್ಳುತ್ತೆ. ಕೈ ತುಂಬಿದ್ದರೆ ಬ್ಯುಸಿ ಅನ್ನುವ ತಂತಿ ಎತ್ತಿ ಹಿಡಿಯುತ್ತೆ. ಅದು ಇಳಿಯುವ ತನಕ ಕಂಪ್ಯೂಟರ್ ಮುಂದಿನ ಅಕ್ಷರ ಇಡುವುದಿಲ್ಲ. ಕಾಗದ ಮುಗಿದರೆ ಹೇಳಲು ಬೇರೆ ತಂತಿ. ಹಮಾಲಿ ಮೂಟೆ ಇಳಿಸುವಾಗ ಕೆಳಗಿನವನು 'ಹೂಂ' ಅಂದ ಮೇಲೇ ಮೇಲಿನವನು ಕೈ ಬಿಡುತ್ತಾನಲ್ಲ, ಅಷ್ಟೇ. ಆದ್ದರಿಂದಲೇ ಸೆಕೆಂಡಿಗೆ ಲಕ್ಷಾಂತರ ಕೆಲಸ ಮಾಡುವ ಕಂಪ್ಯೂಟರೂ ಆಮೆಯಂಥ ಪ್ರಿಂಟರೂ ಜಗಳ ಇಲ್ಲದೆ ಬಾಳಿದವು.

ಈಗ ಆ 'ಇ', 'ಎಫ್' ಕಥೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ನ ಹೊಟ್ಟೆಯಲ್ಲೇ ಇಂಗ್ಲಿಷ್ ಅಕ್ಷರಗಳ ಆಕಾರ ಇರುತ್ತೆ. 65 ಅಂತ ಬೈಟ್ ಕಳಿಸಿದರೆ 'ಎ' ಹೊಡೆಯುತ್ತೆ. ಆದರೆ ದಪ್ಪ ಮಾಡು, ಸಣ್ಣ ಮಾಡು, ಹಾಳೆ ಬಿಡು ಅಂತ ಹೇಳುವುದು ಹೇಗೆ? ಹೇಳುವುದಕ್ಕೂ ಇರುವುದು ಅದೇ ಎಂಟು ತಂತಿ. ಅದಕ್ಕೆ ಒಂದು ಗುಟ್ಟಿನ ಬೈಟ್ ಇಟ್ಟುಕೊಂಡರು, 27, ಎಸ್ಕೇಪ್. ಮಂಡಿಯಲ್ಲಿ ಸಾಹುಕಾರರು ಕೆಮ್ಮಿ ಏನಾದರೂ ಅಂದರೆ ಅದು ಗುಮಾಸ್ತನಿಗೆ ಹೇಳಿದ ಮಾತು, ಬಿಲ್ಲಿಗೆ ಬರೆಯುವ ಮಾತಲ್ಲ ಅಲ್ವಾ? 27 ಆ ಕೆಮ್ಮು. ಕೆಮ್ಮಿದ ಮೇಲೆ 'ಇ' ಅಂದರೆ ದಪ್ಪ ಶುರು. ಕೆಮ್ಮಿದ ಮೇಲೆ 'ಎಫ್' ಅಂದರೆ ದಪ್ಪ ಸಾಕು. ಇದು ಎಪ್ಸನ್‌ನವರ ಭಾಷೆ. ಆಮೇಲೆ ಬೇರೆ ಎಷ್ಟೋ ಕಂಪನಿಯ ಡಾಟ್ ಮ್ಯಾಟ್ರಿಕ್ಸ್‌ಗಳೂ ಅದನ್ನೇ ಕಲಿತವು.

ನೋಟ್‌ಪ್ಯಾಡ್‌ಗೆ ಈ ಗುಟ್ಟು ಗೊತ್ತಿಲ್ಲ. ಕೆಮ್ಮನ್ನು ಚೌಕ ಮಾಡಿ ಬರೆಯಿತು. ಕೆಮ್ಮಿದ ಮೇಲಿನ ಮಾತನ್ನೂ ಬರೆಯಿತು. ಹೆಸರು ಸಾದಾ ಆಯಿತು.

ಇನ್ನು ನಿಧಾನ ಯಾಕೆ? ನೋಟ್‌ಪ್ಯಾಡ್ ಅಕ್ಷರ ಕಳಿಸುವುದಿಲ್ಲ. ಅದು ವಿಂಡೋಸ್‌ಗೆ 'ಈ ಫಾಂಟಿನಲ್ಲಿ ಇಲ್ಲಿ ಇದನ್ನು ಬಿಡಿಸು' ಅನ್ನುತ್ತೆ. ಡ್ರೈವರ್ ಆ ಇಡೀ ಹಾಳೆಯನ್ನು ಚಿತ್ರ ಮಾಡಿ, ಯಾವ ಪಿನ್ ಯಾವಾಗ ಬಡಿಯಬೇಕು ಅಂತ ಒಂದೊಂದು ಚುಕ್ಕೆಗೂ ಲೆಕ್ಕ ಕಳಿಸುತ್ತೆ. ಒಂಬತ್ತೇ ಪಿನ್ನಿನ ಹೆಡ್ಡು ಒಂದು ಸಾಲಿಗೆ ಎರಡು ಸಲ ಓಡಲೇಬೇಕು. ನಿಮ್ಮ ಪ್ರಿಂಟರ್ ಕೆಟ್ಟಿಲ್ಲ. ಅದರ ಕೈಯಲ್ಲಿ ಬಿಲ್ ಬರೆಸುವ ಬದಲು ಬಿಲ್ಲಿನ ಫೋಟೋ ಬಿಡಿಸುತ್ತಿದ್ದೀರಿ.

ಬೇಲೂರು_ಡಿಟಿಪಿ | ಮಂಗಳವಾರ ಬೆಳಿಗ್ಗೆ 11:20

ಕೆಮ್ಮಿನ ಉದಾಹರಣೆ ಓದಿ ಅಂಗಡಿಯಲ್ಲಿ ಒಬ್ಬಳೇ ನಕ್ಕೆ ಅಣ್ಣ.

ನನಗೂ ಇಂಥದ್ದೇ ಆಗಿತ್ತು, ಲೇಸರ್‌ನಲ್ಲಿ. ಮದುವೆ ಸೀಸನ್. ಲಗ್ನಪತ್ರಿಕೆ ಒಂದು ಪುಟ ಪ್ರಿಂಟ್ ಕೊಟ್ಟೆ. ಒಳಗೆ ಹೋಗಿ ನೀರು ಕುಡಿದು ಬರುವಷ್ಟರಲ್ಲಿ ಟ್ರೇ ತುಂಬ ಹಾಳೆ. ಪ್ರತಿ ಹಾಳೆಯಲ್ಲೂ ಇಂಗ್ಲಿಷ್ ಕಸ. ಮೊದಲ ಹಾಳೆಯ ಮೊದಲ ಸಾಲು 'ಪರ್ಸೆಂಟ್, ಆಶ್ಚರ್ಯಸೂಚಕ, ಪಿಎಸ್, ಅಡೋಬ್'. ಅದು ಪೋಸ್ಟ್‌ಸ್ಕ್ರಿಪ್ಟ್. ಅಡೋಬ್‌ನವರು 1984ರಲ್ಲಿ ತಂದ, ಪುಟ ಬಿಡಿಸುವ ಭಾಷೆ. ಮರು ವರ್ಷ ಆಪಲ್‌ನ ಲೇಸರ್‌ರೈಟರ್ ಅದರ ಮೇಲೇ ನಿಂತಿತು. ನಾನು ಹಾಕಿದ್ದ ಡ್ರೈವರ್ ಆ ಭಾಷೆಯದು. ಪ್ರಿಂಟರ್‌ಗೆ ಗೊತ್ತಿದ್ದದ್ದು ಪಿಸಿಎಲ್, ಅಂದರೆ ಎಚ್‌ಪಿ ತನ್ನ ಪ್ರಿಂಟರ್‌ಗೆ ಮಾಡಿಕೊಂಡ ಭಾಷೆ. ಅದಕ್ಕೆ ಅರ್ಥವಾಗಲಿಲ್ಲ. ಆಜ್ಞೆಗಳನ್ನೆಲ್ಲ ಅಕ್ಷರ ಅಂದುಕೊಂಡು ನಿಷ್ಠೆಯಿಂದ ಅಚ್ಚು ಹಾಕಿತು. ಸುಮಾರು ಅರ್ಧ ರೀಮ್ ಹೋಯಿತು. ಬೆನ್ನಿನ ಕಡೆ ಇವತ್ತಿಗೂ ರಫ್ ಕೆಲಸಕ್ಕೆ ಬಳಸುತ್ತೇನೆ.

ಕೇಬಲ್ ಸರಿ ಇದ್ದರೆ ಸಾಲದು, ಭಾಷೆಯೂ ಒಂದೇ ಇರಬೇಕು. ಡ್ರೈವರ್ ಅಂದರೆ ದುಭಾಷಿ, ಅಷ್ಟೇ.

ಇನ್ನೊಂದು ಪ್ರಶ್ನೆ. ಅಗ್ಗದ ಲೇಸರ್‌ಗಳಲ್ಲಿ ಇಂಥ ಭಾಷೆಯೇ ಇರುವುದಿಲ್ಲ ಅಂತಾರಲ್ಲ, ನಿಜವೇ?

ರಿಬ್ಬನ್_ರಿಪೇರಿ | ಮಂಗಳವಾರ ಮಧ್ಯಾಹ್ನ 12:05

ನಿಜ ಮೇಡಂ. ಅವುಗಳಲ್ಲಿ ಪುಟವನ್ನು ಚುಕ್ಕೆ ಮಾಡುವ ಕೆಲಸ ಪೂರ್ತಿ ಕಂಪ್ಯೂಟರಿನದು. ಪ್ರಿಂಟರ್ ಚುಕ್ಕೆ ಇಸ್ಕೊಂಡು ಟೋನರ್ ಅಂಟಿಸುತ್ತೆ. ಎ4 ಹಾಳೆ 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕೆಯಂತೆ, ಸುಮಾರು 4960 ಅಗಲ, 7016 ಉದ್ದ. ಹೆಚ್ಚು ಕಡಿಮೆ ಮೂರೂವರೆ ಕೋಟಿ ಚುಕ್ಕೆ. ಒಂದು ಚುಕ್ಕೆಗೆ ಒಂದು ಬಿಟ್ ಅಂದರೂ ನಾಲ್ಕು ಎಂಬಿಗೆ ಮೇಲೆ. ಹಿಂಡಿ ಕಳಿಸುತ್ತಾರೆ, ಅದು ಬೇರೆ. ಡ್ರೈವರ್ ಸಿಗದಿದ್ದರೆ ಅಂಥ ಪ್ರಿಂಟರ್ ಬರೀ ಟೇಬಲ್ ಭಾರ. ನಿಮ್ಮ ಪೋಸ್ಟ್‌ಸ್ಕ್ರಿಪ್ಟ್ ಫೈಲಿನಲ್ಲಿ ಅದೇ ಪುಟ ಬರೀ ಆಜ್ಞೆಗಳು, 'ಇಲ್ಲಿಂದ ಇಲ್ಲಿಗೆ ಗೆರೆ ಎಳೆ' ಅಂತ. ಚುಕ್ಕೆ ಮಾಡುವ ತಲೆನೋವು ಪ್ರಿಂಟರಿನದು.

ಕಡೂರು_ಗುಮಾಸ್ತ | ಮಂಗಳವಾರ ಮಧ್ಯಾಹ್ನ 1:30

ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನಮ್ಮ ಆಫೀಸಿನಲ್ಲಿ ನೆಟ್‌ವರ್ಕ್ ಪ್ರಿಂಟರ್ ಒಂದಿದೆ. ಎರಡು ಕಂಪ್ಯೂಟರಿನಲ್ಲಿ ಸರಿಯಾಗಿ ಪ್ರಿಂಟ್ ಬರುತ್ತೆ. ಮೂರನೆಯದರಲ್ಲಿ ಸದಾ ಆಫ್‌ಲೈನ್. ಪಿಂಗ್ ಮಾಡಿದರೆ, ಅಂದರೆ ನೆಟ್‌ವರ್ಕಿನಲ್ಲಿ 'ಇದ್ದೀಯಾ' ಅಂತ ಕೇಳಿದರೆ, ಉತ್ತರ ಬರುತ್ತೆ. ತಲೆ ಕೆಟ್ಟಿದೆ.

ರಿಬ್ಬನ್_ರಿಪೇರಿ | ಮಂಗಳವಾರ ಮಧ್ಯಾಹ್ನ 2:10

ಬೇರೆ ಚರ್ಚೆ ಶುರು ಮಾಡಬೇಕಿತ್ತು ಸಾರ್, ಇರಲಿ. ಆ ಮೂರನೆಯದರಲ್ಲಿ ಪ್ರಿಂಟರ್ ಪ್ರಾಪರ್ಟೀಸ್, ಪೋರ್ಟ್ಸ್, ಕಾನ್ಫಿಗರ್ ಪೋರ್ಟ್‌ಗೆ ಹೋಗಿ. ಕೆಳಗೆ ಎಸ್‌ಎನ್‌ಎಂಪಿ ಸ್ಟೇಟಸ್ ಅಂತ ಟಿಕ್ ಇರುತ್ತೆ. ತೆಗೆದು ನೋಡಿ.

ವಿಷಯ ಏನಂದರೆ, ಅಲ್ಲಿ ಎರಡು ಬಾಗಿಲು. ಹಾಳೆಯ ಮಾಹಿತಿ ಹೋಗುವುದು ಸಾಮಾನ್ಯವಾಗಿ 9100 ಅನ್ನುವ ಬಾಗಿಲಿಂದ. 'ಆರೋಗ್ಯ ಹೇಗಿದೆ, ಕಾಗದ ಇದೆಯಾ' ಅಂತ ಕೇಳುವುದು 161 ಅನ್ನುವ ಬೇರೆ ಬಾಗಿಲಿಂದ, ಅದೇ ಎಸ್‌ಎನ್‌ಎಂಪಿ. ಎರಡನೇ ಬಾಗಿಲಲ್ಲಿ ಯಾರೂ ಓಗೊಡದಿದ್ದರೆ ಕಂಪ್ಯೂಟರ್ ಮನೆಯಲ್ಲಿ ಯಾರೂ ಇಲ್ಲ ಅಂತ ತೀರ್ಮಾನಿಸಿ ಮೊದಲ ಬಾಗಿಲನ್ನೂ ತಟ್ಟುವುದಿಲ್ಲ.

ಅದರಿಂದಲೂ ಹೋಗದಿದ್ದರೆ ಪೋರ್ಟಿನಲ್ಲಿ ಬರೆದಿರುವ ಐಪಿ ನಂಬರೂ ಪ್ರಿಂಟರ್‌ನ ಈಗಿನ ನಂಬರೂ ಒಂದೇನಾ ನೋಡಿ. ಕರೆಂಟ್ ಹೋಗಿ ಬಂದಾಗ ರೂಟರ್ ಹೊಸ ನಂಬರ್ ಹಂಚಿರುತ್ತೆ. ರೂಟರ್‌ನಲ್ಲಿ ಪ್ರಿಂಟರ್‌ಗೆ ಒಂದು ನಂಬರ್ ಕಾಯಂ ಮಾಡಿಸಿಬಿಡಿ.

9100 ಬಾಗಿಲಿಗೆ ಏನು ಹೋದರೂ ಪ್ರಿಂಟರ್ ಕಣ್ಣು ಮುಚ್ಚಿ ತಗೊಳ್ಳುತ್ತೆ. ಒಮ್ಮೆ ಬ್ರೌಸರ್‌ನಲ್ಲಿ ಪ್ರಿಂಟರ್‌ನ ಐಪಿ, ಕೋಲನ್, 9100 ಹಾಕಿ ಎಂಟರ್ ಹೊಡೆದು ನೋಡಿ. ಬ್ರೌಸರ್ ಕೇಳಿದ ಪ್ರಶ್ನೆಯೇ ಹಾಳೆಯ ಮೇಲೆ ಅಚ್ಚಾಗಿ ಬರಬಹುದು. ಸಾಹೇಬರು ಇಲ್ಲದಾಗ ಮಾಡಿ.

ಕಡೂರು_ಗುಮಾಸ್ತ | ಮಂಗಳವಾರ ಸಂಜೆ 4:45

ಟಿಕ್ ತೆಗೆದೆ. ಹೋಯಿತು! ಎರಡು ತಿಂಗಳಿಂದ ಪೆನ್‌ಡ್ರೈವ್ ಹಿಡಿದು ಪಕ್ಕದ ಟೇಬಲ್‌ಗೆ ಓಡುತ್ತಿದ್ದೆ. ಬ್ರೌಸರ್ ಆಟವನ್ನೂ ಆಡಿದೆ. ಹಾಳೆ ಬಂತು, 'ಗೆಟ್' ಅಂತ ಶುರುವಾಗುತ್ತೆ.

ಹಾಸನ_ಹಾಸ್ಟೆಲ್ | ಮಂಗಳವಾರ ರಾತ್ರಿ 10:20

ಅಯ್ಯೋ, ಇದು ನಮ್ಮ ಮಾವ ಶುರು ಮಾಡಿದ ಚರ್ಚೆ. ಆ 'ಅಕ್ಕನ ಮಗ' ನಾನೇ.

ಮಾವ, ಪರೀಕ್ಷೆ ಇತ್ತು, ಫೋನ್ ಎತ್ತಲಿಲ್ಲ, ಬೈಬೇಡಿ.

ರಿಬ್ಬನ್ ಸಾರ್ ಹೇಳಿದ್ದು ಅಕ್ಷರಶಃ ಸರಿ. ಹೊಸ ಕಂಪ್ಯೂಟರಿನಲ್ಲಿ 64 ಬಿಟ್ ವಿಂಡೋಸ್. ಅದರಲ್ಲಿ ಡಾಸ್ ಪ್ರೋಗ್ರಾಂ ನೇರ ಓಡುವುದಿಲ್ಲ. ಒಂದು ಎಮ್ಯುಲೇಟರ್, ಅಂದರೆ ಹಳೆಯ ಡಾಸ್ ಕಂಪ್ಯೂಟರಿನಂತೆ ನಟಿಸುವ ಪ್ರೋಗ್ರಾಂ ಹಾಕಿದೆ. ಅದರಲ್ಲಿ ಎಲ್‌ಪಿಟಿ1ಗೆ ಬಂದದ್ದನ್ನು ಫೈಲಿಗೆ ಬರೆಸುವ ಸೌಲಭ್ಯ ಇದೆ. ಯುಎಸ್‌ಬಿ ಕೇಬಲ್ ಹಾಕಿದರೆ ವಿಂಡೋಸ್ ಅದನ್ನು ಎಲ್‌ಪಿಟಿ1 ಅಂತ ಕರೆಯುವುದಿಲ್ಲ, ಯುಎಸ್‌ಬಿ001 ಅಂತ ಬೇರೆ ಪೋರ್ಟ್ ಮಾಡುತ್ತೆ. ಅಲ್ಲಿಗೆ ಹೇಗೆ ತಲುಪಿಸುವುದು ಅಂತ ಹೊಳೆಯದೆ ನೋಟ್‌ಪ್ಯಾಡ್ ಹಿಡಿದೆ. ಪ್ರಿಂಟ್ ಬಂತು, ಬಸ್ಸಿಗೆ ಹೊತ್ತಾಗಿತ್ತು, ಹೊರಟೆ.

ಸಾರ್, ಈಗ ದಲ್ಲಾಳಿಯನ್ನು ತೆಗೆಯುವುದು ಹೇಗೆ?

ರಿಬ್ಬನ್_ರಿಪೇರಿ | ಬುಧವಾರ ಬೆಳಿಗ್ಗೆ 8:00

ಬಾ ಗುರು, ನಿನ್ನನ್ನೇ ಕಾಯುತ್ತಿದ್ದೆ.

ಪ್ರಿಂಟರನ್ನು ವಿಂಡೋಸ್‌ನಲ್ಲಿ ಶೇರ್ ಮಾಡು. ಹೆಸರು 'ಬಿಲ್' ಅಂತ ಇಡು. ನಿನ್ನ ಸ್ಕ್ರಿಪ್ಟ್‌ನಲ್ಲಿ ನೋಟ್‌ಪ್ಯಾಡ್ ಸಾಲು ಅಳಿಸಿ ಅಲ್ಲಿ ಕಾಪಿ ಕಮಾಂಡ್ ಹಾಕು. ಕಾಪಿ, ಸ್ಲ್ಯಾಶ್ ಬಿ, ಬಿಲ್ಲಿನ ಫೈಲಿನ ಹೆಸರು, ಆಮೇಲೆ ಎರಡು ಬ್ಯಾಕ್‌ಸ್ಲ್ಯಾಶ್, ಲೋಕಲ್‌ಹೋಸ್ಟ್, ಒಂದು ಬ್ಯಾಕ್‌ಸ್ಲ್ಯಾಶ್, ಬಿಲ್. ಹೊಡೆಯುವಾಗ ಇಂಗ್ಲಿಷಿನಲ್ಲೇ ಹೊಡಿ. ಹೀಗೆ ಕಳಿಸಿದರೆ ಫೈಲಿನಲ್ಲಿ ಇರುವ ಬೈಟ್ ಇದ್ದ ಹಾಗೇ ಸ್ಪೂಲರ್, ಅಂದರೆ ವಿಂಡೋಸ್‌ನ ಪ್ರಿಂಟ್ ಸರದಿ, ಅದರ ಮೂಲಕ ಪ್ರಿಂಟರ್‌ಗೆ ಹೋಗುತ್ತೆ. ಯಾರೂ ಬಿಡಿಸುವುದಿಲ್ಲ.

ಸ್ಲ್ಯಾಶ್ ಬಿ ಮರೆಯಬೇಡ. ಅದಿಲ್ಲದಿದ್ದರೆ 26 ಅನ್ನುವ ಬೈಟ್ ಸಿಕ್ಕಿದ ಕಡೆ ಫೈಲ್ ಮುಗಿಯಿತು ಅಂದುಕೊಂಡು ಕಾಪಿ ನಿಂತುಬಿಡಬಹುದು. ಡಾಸ್ ಕಾಲದ ಹಳೇ ಚಾಳಿ.

ಸರಿಯಾಗಿದೆಯೋ ಇಲ್ಲವೋ ಅಂತ ಕಣ್ಣಾರೆ ನೋಡಬೇಕು ಅಂದರೆ ಪ್ರಿಂಟರ್‌ನಲ್ಲಿ ಹೆಕ್ಸ್ ಡಂಪ್ ಅಂತ ಒಂದು ವ್ಯವಸ್ಥೆ ಇರುತ್ತೆ. ಎಷ್ಟೋ ಮಾಡೆಲ್‌ನಲ್ಲಿ ಎರಡು ಬಟನ್ ಒಟ್ಟಿಗೆ ಹಿಡಿದು ಆನ್ ಮಾಡಬೇಕು. ಆಗ ಅದು ಯಾವ ಆಜ್ಞೆಯನ್ನೂ ಪಾಲಿಸುವುದಿಲ್ಲ. ತನಗೆ ಬಂದ ಬೈಟ್‌ಗಳನ್ನು ಹೆಕ್ಸ್ ಅಂಕಿಯಲ್ಲಿ, ಅಂದರೆ ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ, ಹಾಗೇ ಹೊಡೆಯುತ್ತೆ. ನೋಟ್‌ಪ್ಯಾಡ್‌ನಿಂದ ಒಂದು, ಕಾಪಿಯಿಂದ ಒಂದು ಕಳಿಸಿ ನೋಡಿ.

ಮೂಡಿಗೆರೆ_ಮಂಡಿ | ಬುಧವಾರ ರಾತ್ರಿ 9:30

ಅಳಿಯ ಫೋನಿನಲ್ಲಿ ಹೇಳುತ್ತಾ ಹೋದ, ನಾನು ಹೊಡೆಯುತ್ತಾ ಹೋದೆ. ಮೊದಲು ಹೆಕ್ಸ್ ಡಂಪ್. ನೋಟ್‌ಪ್ಯಾಡ್‌ನಿಂದ ಕಳಿಸಿದ್ದು ನಿಲ್ಲಲೇ ಇಲ್ಲ. ಎಂಟು ಹಾಳೆ ಆದ ಮೇಲೆ ಸ್ವಿಚ್ ಆರಿಸಿದೆ. ಅದರ ತುಂಬ '1ಬಿ 2ಎ' ಮತ್ತೆ ಮತ್ತೆ. ಕಾಪಿಯಿಂದ ಕಳಿಸಿದ್ದು ಒಂದೂವರೆ ಹಾಳೆ, ಅಷ್ಟೇ. ಅದರಲ್ಲಿ ಬೆಳೆಗಾರರ ಹೆಸರಿನ ಮುಂಚೆ '1ಬಿ 45', ಆಮೇಲೆ '1ಬಿ 46'.

ಆಮೇಲೆ ನಿಜವಾದ ಬಿಲ್ ಕೊಟ್ಟೆ. ಚರ್ರ್ ಅಂತು, ಮುಗಿಯಿತು. ಹೆಸರು ದಪ್ಪಗೆ! 'ಇ', 'ಎಫ್' ಮಾಯ.

ಆದರೆ ಕಾಲಂ ಇನ್ನೂ ಕೆಳಕ್ಕೆ ಜಾರುತ್ತೆ. ಹಾಳೆಯೂ ಸರಿಯಾಗಿಲ್ಲ. ಎರಡನೇ ಬಿಲ್ ಮುಂದಿನ ಹಾಳೆಯ ತಲೆಯಿಂದ ಶುರುವಾಗುವ ಬದಲು ಅದನ್ನು ಹೆಚ್ಚುಕಡಿಮೆ ಪೂರ್ತಿ ಬಿಟ್ಟು, ತಳದ ಒಂದು ಇಂಚಿನಿಂದ ಶುರುವಾಗುತ್ತೆ.

ರಿಬ್ಬನ್_ರಿಪೇರಿ | ಬುಧವಾರ ರಾತ್ರಿ 9:55

1ಬಿ ಅಂದರೆ ಹೆಕ್ಸ್‌ನಲ್ಲಿ 27, ಕೆಮ್ಮು. 45 'ಇ', 46 'ಎಫ್'. 1ಬಿ 2ಎ ಅಂದರೆ 'ಈಗ ಬರುವುದು ಚುಕ್ಕೆಗಳು, ಬಡಿ' ಅಂತ. ಹೆಡ್ ಬದಲಾಯಿಸಿದ್ದರೆ ಹೊಸ ಹೆಡ್ಡೂ ಹೀಗೇ ಒದ್ದಾಡುತ್ತಿತ್ತು.

ನಿಮ್ಮ ಬಿಲ್ ಉದ್ದ 6 ಇಂಚು ಅಲ್ವಾ? ಪ್ರಿಂಟರ್ ತನ್ನ ಹಾಳೆ 11 ಇಂಚು ಅಂದುಕೊಂಡಿದೆ. 'ಹಾಳೆ ಬಿಡು' ಅಂದಾಗ 11 ಇಂಚು ಜಗ್ಗುತ್ತೆ. 12ಕ್ಕೆ ಒಂದು ಕಮ್ಮಿ. ಅದೇ ನಿಮ್ಮ ಒಂದು ಇಂಚು. ಹಳೆಯ ಪ್ರೋಗ್ರಾಂ ಹಾಳೆಯ ಉದ್ದವನ್ನು ಎಲ್ಲೋ ಹೇಳಿರಲೇಬೇಕು. ಬಹುಶಃ ಶುರುವಿನಲ್ಲಿ, ಒಂದೇ ಸಲ. ಅದು ಎಲ್ಲಿ ಹೋಯಿತು ಗುರು?

ಹಾಸನ_ಹಾಸ್ಟೆಲ್ | ಬುಧವಾರ ರಾತ್ರಿ 11:40

ಸಾರ್, ನಾಚಿಕೆ ಆಗುತ್ತಿದೆ.

ಪ್ರೋಗ್ರಾಂ ತೆರೆದ ಕೂಡಲೇ ಎಮ್ಯುಲೇಟರ್ ಒಂದು ಪುಟ್ಟ ಫೈಲ್ ಮಾಡುತ್ತಿತ್ತು. ಆರೇ ಬೈಟ್. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಒಂದೆರಡು ಚೌಕ, ಅಟ್ ಗುರುತು, 'ಸಿ', ಡಾಲರ್ ಗುರುತು. ಕಸ ಅಂದುಕೊಂಡು, ಹತ್ತು ಬೈಟ್‌ಗಿಂತ ಸಣ್ಣ ಫೈಲ್ ಇದ್ದರೆ ಅಳಿಸು ಅಂತ ಸ್ಕ್ರಿಪ್ಟ್‌ನಲ್ಲಿ ಬರೆದಿದ್ದೆ. ಈಗ ಮಾವನಿಂದ ಆ ಫೈಲ್ ತರಿಸಿ ಅಂಕಿಯಲ್ಲಿ ನೋಡಿದೆ. 27 64, 27 67 36, 15.

ರಿಬ್ಬನ್_ರಿಪೇರಿ | ಗುರುವಾರ ಬೆಳಿಗ್ಗೆ 7:45

ಇದನ್ನು ನೋಡಿ ನನ್ನ ಬೆಳಗಿನ ಕಾಫಿ ಇನ್ನೂ ರುಚಿ ಆಯಿತು.

27 64 ಅಂದರೆ 'ಹಿಂದಿನದೆಲ್ಲ ಮರೆತು ಮೊದಲಿನಂತೆ ಆಗು'. 27 67 36 ಅಂದರೆ 'ಹಾಳೆಯ ಉದ್ದ 36 ಸಾಲು'. ಇಂಚಿಗೆ 6 ಸಾಲು, 6 ಇಂಚಿಗೆ 36. ಆ 36 ಅನ್ನುವ ಬೈಟನ್ನು ಅಕ್ಷರ ಮಾಡಿ ಓದಿದರೆ ಡಾಲರ್ ಗುರುತು, ನೀನು ಕಂಡ ಕಸ. ಕೊನೆಯ 15 ಅಂದರೆ 'ಅಕ್ಷರ ಕಿರಿದು ಮಾಡು'. ಇಂಚಿಗೆ 10 ಅಕ್ಷರ ಇದ್ದದ್ದು ಸುಮಾರು 17 ಆಗುತ್ತೆ. ಅದಿಲ್ಲದೆ ಕಾಲಂ ಜಾರದೆ ಇನ್ನೇನು ಮಾಡುತ್ತೆ?

ಆರು ಬೈಟಿಗೆ ಒಂದು ಹಾಳೆ, ಎರಡು ಕಾಲಂ, ಒಬ್ಬ ಮಾವನ ನೆಮ್ಮದಿ.

ಈಗ ಒಂದು ಕೆಲಸ ಮಾಡು. ಆ ಆರು ಬೈಟಿನ ಫೈಲನ್ನು ಜೋಪಾನವಾಗಿ ಇಟ್ಟು, ಕಾಪಿ ಸಾಲಿನಲ್ಲಿ ಮೊದಲು ಅದು, ಪ್ಲಸ್ ಗುರುತು, ಆಮೇಲೆ ಬಿಲ್ಲಿನ ಫೈಲ್ ಹಾಕು. ಪ್ರತಿ ಬಿಲ್ಲಿಗೂ ಮುಂಚೆ ಹೋಗಲಿ. ಮಲೆನಾಡಿನಲ್ಲಿ ಕರೆಂಟ್ ಯಾವಾಗ ಹೋಗುತ್ತೆ ಅಂತ ಹೇಳೋಕಾಗಲ್ಲ. ಪ್ರಿಂಟರ್ ಆರಿ ಹತ್ತಿದರೆ ಹೇಳಿದ್ದೆಲ್ಲ ಮರೆತಿರುತ್ತೆ. ಸಾಹುಕಾರ್ರೇ, ನಿಮಗೆ ಒಂದು ಮಾತು. ಮೊದಲ ಬಿಲ್ಲಿಗೆ ಮುಂಚೆ ಹರಿಯುವ ಗೆರೆಯನ್ನು ಸರಿಯಾದ ಜಾಗಕ್ಕೆ ಕೂರಿಸಿ. ಆ ಆಜ್ಞೆ ಬಂದಾಗ ಹಾಳೆ ಎಲ್ಲಿದೆಯೋ ಅದನ್ನೇ ಪುಟದ ತಲೆ ಅಂದುಕೊಳ್ಳುತ್ತೆ.

ಬೇಲೂರು_ಡಿಟಿಪಿ | ಗುರುವಾರ ಬೆಳಿಗ್ಗೆ 10:30

ಬಿಲ್ಲಿನಲ್ಲಿ ಹೆಸರು ಕನ್ನಡದಲ್ಲಿ ಬರುವ ಹಾಗೆ ಮಾಡಬಹುದಾ? ಇಷ್ಟೆಲ್ಲ ಆದ ಮೇಲೆ ಅದೊಂದು ಯಾಕೆ ಬಿಡಬೇಕು.

ಹಾಸನ_ಹಾಸ್ಟೆಲ್ | ಗುರುವಾರ ಮಧ್ಯಾಹ್ನ 1:15

ಅಕ್ಕಾ, ಅದರಲ್ಲಿ ನನಗೆ ಅನುಭವ ಇದೆ, ಕೆಟ್ಟ ಅನುಭವ. ಕಾಲೇಜು ಪ್ರಾಜೆಕ್ಟ್‌ಗೆ ಕ್ಯಾಂಟೀನ್ ಟೋಕನ್ ಹೊಡೆಯುವ ಥರ್ಮಲ್ ಪ್ರಿಂಟರ್ ಮಾಡಿದ್ದೆವು, 58 ಮಿಲಿಮೀಟರ್ ಅಗಲದ ರೋಲ್. ಕನ್ನಡದಲ್ಲಿ 'ಕಾಫಿ' ಅಂತ ಕಳಿಸಿದೆ. ಬಂದದ್ದು ಹನ್ನೆರಡು ಗುರುತು. ಆಲ್ಫಾ, ಬೂದು ಚೌಕ, ತಲೆಯ ಮೇಲೆ ಓರೆ ಗೆರೆ ಇರುವ 'ಒ', ಮತ್ತೆ ಆಲ್ಫಾ, ಮತ್ತೆ ಬೂದು ಚೌಕ, ಹೀಗೆ.

ಎಲ್ಲ ಭಾಷೆಯ ಅಕ್ಷರಕ್ಕೂ ನಂಬರ್ ಕೊಡುವ ಯೂನಿಕೋಡ್‌ನಲ್ಲಿ 'ಕಾಫಿ' ಅಂದರೆ ಕ, ದೀರ್ಘ, ಫ, ಗುಡಿಸು, ನಾಲ್ಕು. ಆ ನಂಬರನ್ನು ಬೈಟ್ ಮಾಡುವ ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರು ಬೈಟ್. 'ಕ' ಅಂದರೆ ಇ0, ಬಿ2, 95. ಪ್ರಿಂಟರ್‌ಗೆ ಅದು ಗೊತ್ತಿಲ್ಲ. ಅದರ ಹತ್ತಿರ ಇದ್ದದ್ದು 437 ಅನ್ನುವ ಹಳೆಯ ಐಬಿಎಂ ಅಕ್ಷರಪಟ್ಟಿ. ಅಲ್ಲಿ ಇ0 ಆಲ್ಫಾ, ಬಿ2 ಬೂದು ಚೌಕ. ಮಜಾ ಅಂದರೆ 'ಫ'ದ ಕೊನೆಯ ಬೈಟ್ ಎಬಿ. ಆ ಪಟ್ಟಿಯಲ್ಲಿ ಅದು ಅರ್ಧದ ಗುರುತು. ಒಂದು ಕಾಫಿ ಕೇಳಿದರೆ ಬೈ ಟೂ ಕೊಡ್ತು ಅಂತ ಕ್ಲಾಸಿನವರೆಲ್ಲ ನಕ್ಕರು.

ಕೊನೆಗೆ ಕನ್ನಡ ಪದವನ್ನು ಕಂಪ್ಯೂಟರಿನಲ್ಲೇ ಚಿತ್ರ ಮಾಡಿ ಕಳಿಸಿದೆವು. ಅಗಲಕ್ಕೆ 384 ಚುಕ್ಕೆ, ಅಂದರೆ 48 ಬೈಟ್. ಸಾಲಿನ ಎತ್ತರ 24 ಚುಕ್ಕೆ. ಒಂದು ಸಾಲಿಗೆ 1152 ಬೈಟ್. ಇಂಗ್ಲಿಷ್ ಸಾಲು 32 ಅಕ್ಷರ, 32 ಬೈಟಿನಲ್ಲಿ ಮುಗಿಯುತ್ತೆ. ಥರ್ಮಲ್‌ಗೆ ಅದೇನೂ ಭಾರ ಅಲ್ಲ, ಚೆನ್ನಾಗಿ ಬಂತು. ಮಾವನ ಡಾಟ್ ಮ್ಯಾಟ್ರಿಕ್ಸ್‌ನಲ್ಲಿ ಮಾಡಿದರೆ ಮತ್ತೆ ಹೆಡ್ ಎರಡೆರಡು ಸಲ ಓಡುತ್ತೆ.

ಬೇಲೂರು_ಡಿಟಿಪಿ | ಗುರುವಾರ ಮಧ್ಯಾಹ್ನ 1:50

ಓಹೋ, ಅದಕ್ಕೇ ನಮ್ಮಲ್ಲಿ ನುಡಿ ಫಾಂಟಿನ ಹಳೆಯ ಫೈಲು ತಂದು ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಕಸ ಕಾಣೋದು. ಅದೂ ಹೀಗೇ, ನಂಬರ್ ಒಂದು, ಆಕಾರ ಇನ್ನೊಂದು. ನನ್ನ ಲೇಸರ್‌ಗೂ ಕನ್ನಡ ಬರುವುದಿಲ್ಲ, ಕಂಪ್ಯೂಟರ್ ಆಕಾರ ಕಳಿಸುತ್ತೆ ಅಂತ ಅದು ಹಾಕುತ್ತೆ. ಅದಕ್ಕೇ ನಾನು ಗಿರಾಕಿಗಳಿಗೆ ಪಿಡಿಎಫ್ ಮಾಡಿಕೊಂಡು ಬನ್ನಿ ಅನ್ನೋದು. ಅದರೊಳಗೆ ಫಾಂಟೂ ಕೂತು ಬರುತ್ತೆ.

ಮಂಡಿಯವರಿಗೆ ನನ್ನ ಸಲಹೆ, ಮಂಡಿ ಹೆಸರು, ವಿಳಾಸ, ಕಾಲಂ ತಲೆಬರಹ ಎಲ್ಲ ಕನ್ನಡದಲ್ಲಿ ಬಿಲ್ ಕಾಗದದ ಮೇಲೇ ಪ್ರೆಸ್‌ನಲ್ಲಿ ಅಚ್ಚು ಹಾಕಿಸಿಬಿಡಿ. ಪ್ರಿಂಟರ್ ಬರೀ ಹೆಸರು, ಅಂಕಿ ಹೊಡೆಯಲಿ.

ಮೂಡಿಗೆರೆ_ಮಂಡಿ | ಗುರುವಾರ ರಾತ್ರಿ 9:20

ಆಯಿತು ಮೇಡಂ, ಈಗಿರುವ ಕಾಗದ ಮುಗಿಯಲಿ, ಮುಂದಿನ ಆರ್ಡರ್‌ಗೆ ಹಾಗೇ ಹೇಳುತ್ತೇನೆ.

ಆರು ಬೈಟ್ ಸೇರಿಸಿದ ಮೇಲೆ ಎಲ್ಲ ಸರಿ. ಇವತ್ತು ಸಂಜೆ 22 ಬಿಲ್ ಹೊಡೆದೆ, ಒಂದೂ ಗೆರೆ ದಾಟಲಿಲ್ಲ. ಹಳದಿ ಪ್ರತಿ ಸ್ವಲ್ಪ ಮಸುಕು.

ಸಕಲೇಶಪುರ_ಘಾಟಿ | ಗುರುವಾರ ರಾತ್ರಿ 9:35

ಇಂಕ್ ಟ್ಯಾಂಕ್ ಮಾತು ವಾಪಸ್ ತಗೊಂಡೆ.

ರಿಬ್ಬನ್_ರಿಪೇರಿ | ಗುರುವಾರ ರಾತ್ರಿ 10:05

ಮಸುಕಿಗೆ ಹೆಡ್ಡಿನ ಪಕ್ಕ ಒಂದು ಸಣ್ಣ ಲಿವರ್ ಇರುತ್ತೆ, ಕಾಗದದ ದಪ್ಪಕ್ಕೆ ತಕ್ಕ ಹಾಗೆ ದೂರ ಹೊಂದಿಸಲು. ಒಂದು ಹಲ್ಲು ಹತ್ತಿರ ತನ್ನಿ. ಮೂಲ ಪ್ರತಿ ಕೂಡ ಮಸುಕಿದ್ದರೆ ಮಾತ್ರ ರಿಬ್ಬನ್ ಬದಲಾಯಿಸಿ. ಇನ್ನು ಮುಂದೆ ಗುಡುಗು ಕೇಳಿದರೆ ಪ್ರಿಂಟರ್‌ನ ಪ್ಲಗ್ಗೂ ಕೀಳಿ, ಡೇಟಾ ಕೇಬಲ್ಲೂ ಕೀಳಿ. ಕೇಬಲ್ ದಾರಿಯಲ್ಲೂ ಬರುತ್ತೆ.

ಆ ಎಂಟು ಹಾಳೆ ಹೆಕ್ಸ್ ಡಂಪ್ ಇಟ್ಟಿದ್ದೀರಾ? ಒಂದು ಫೋಟೋ ಹಾಕಿ, ನನ್ನ ಅಂಗಡಿಯಲ್ಲಿ ಕಲಿಯುವವರಿಗೆ ತೋರಿಸಬೇಕು.

ಮೂಡಿಗೆರೆ_ಮಂಡಿ | ಶುಕ್ರವಾರ ಬೆಳಿಗ್ಗೆ 6:50

ಅದರಲ್ಲಿ ನಮ್ಮ ಹಮಾಲಿಗಳು ನಿನ್ನೆ ಕಡ್ಲೆಪುರಿ ಕಟ್ಟಿಕೊಂಡು ತಿಂದರು. ಕಾಪಿಯಿಂದ ಬಂದ ಒಂದೂವರೆ ಹಾಳೆ ಡ್ರಾಯರಿನಲ್ಲಿದೆ, ಅದನ್ನೇ ಹಾಕುತ್ತೇನೆ.